ತೊಟ್ಟು ಬಿಡಿಸುವ ಸದ್ದು

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ರವಿವಾರ, ಹಾವೇರಿಯ ಒಂದು ಬಾಡಿಗೆ ಹಾಲ್‌ನಲ್ಲಿ ನನ್ನ ಮೊಮ್ಮಗಳು ಪೂರ್ವಿಯ ರಾಕ್ ಬ್ಯಾಂಡಿನ ಎರಡನೆಯ ಆಲ್ಬಮ್ ಬಿಡುಗಡೆಯಾಯಿತು. ಬೆಳಗಿನ ಹನ್ನೊಂದು ಗಂಟೆಯ ಕಾರ್ಯಕ್ರಮ. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನನ್ನ ಮಗಳು, ಅಂದರೆ ಪೂರ್ವಿಯ ತಾಯಿ ಸುಮಂಗಲಾ. ಐದನೆಯ ಹಾಡು ಅರ್ಧಕ್ಕೆ ಬಂದಾಗ ಅವಳು ಕುರ್ಚಿ ಹಿಂದೆ ಸರಿಸಿ ಎದ್ದು ಹೊರಗೆ ಹೋದಳು. ಅಂದಿನಿಂದ ನಮ್ಮಿಬ್ಬರ ನಡುವೆ ಸರಿಯಾದ ಮಾತಿಲ್ಲ. ಆ ಹಾಡಿಗೆ ನಾನೇ ಕಾರಣ. ಹಾಡು ಚೆನ್ನಾಗಿತ್ತು ಎನ್ನುವುದೇ ಇದರಲ್ಲಿ ನನಗೆ ಹೆಚ್ಚು ಕಹಿಯಾದ ಸಂಗತಿ.

ನಾನು ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಈಗ ಎಪ್ಪತ್ನಾಲ್ಕು. ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿನ ಕ್ವೈಯರ್‌ನಲ್ಲಿ ಏಳು ವರ್ಷ ಹಾಡಿದೆ, ಸ್ವಲ್ಪ ಪಿಯಾನೊ ಕೂಡ ಕಲಿತೆ. ನಮಗೆ ಸಂಗೀತ ಹೇಳುತ್ತಿದ್ದ ಸಿಸ್ಟರ್ ಕೈಯಲ್ಲಿ ಮರದ ಸ್ಕೇಲ್ ಹಿಡಿದು ಬೆಂಚಿನ ಅಂಚಿಗೆ ಬೀಟ್ ಹಾಕುತ್ತಿದ್ದರು. ಹಾಡಿನ ನಡುವೆ ಮೌನ ಬಂದಾಗ ಯಾರಾದರೂ ಉಸಿರೆಳೆದುಕೊಂಡು ಮುಂದಕ್ಕೆ ಹಾರಿದರೆ ಸ್ಕೇಲ್ ಬೆಂಚಿನಿಂದ ಬೆರಳಿಗೆ ಬರುತ್ತಿತ್ತು. "ಸೈಲೆನ್ಸನ್ನೂ ಎಣಿಸಬೇಕು ಗರ್ಲ್ಸ್" ಎನ್ನುತ್ತಿದ್ದರು. ಅದೊಂದು ಪಾಠವನ್ನು ನಾನು ಇಂದಿಗೂ ಮರೆತಿಲ್ಲ. ಅದನ್ನೇ ನಾನು ಮೊಮ್ಮಗಳಿಗೆ ಕಲಿಸಿದೆ.

ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದೇನೆ. ಅಳಿಯಂದಿರದು ಮೆಣಸಿನಕಾಯಿ ವ್ಯಾಪಾರದ ಮನೆತನ. ಮಗಳ ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಪೂರ್ವಿ. ಫಿಸಿಯೋಥೆರಪಿ ಓದಿ, ಮನೆಯಿಂದಲೇ ಓಡಾಡಿಕೊಂಡು ಹಾವೇರಿಯ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಾಳೆ. ವಾರದಲ್ಲಿ ಆರು ದಿನ ಊರಿನವರ ಮೊಣಕಾಲು ತಿಕ್ಕುವುದು, ರವಿವಾರ ಗಿಟಾರ್ ಹಿಡಿದು ಕಿರುಚುವುದು. ಡ್ರಮ್ಸ್ ಬಾರಿಸುವವನು ವಿನಾಯಕ, ಮೇಡ್ಲೇರಿಯ ಹುಡುಗ, ಹಾವೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಬೇಸ್ ಗಿಟಾರಿನವನು, ಅವನು ಮಾತನಾಡಿದ್ದನ್ನು ನಾನು ಕೇಳಿಲ್ಲ. ಬ್ಯಾಂಡಿನ ಹೆಸರು 'ಘಾಟು'. ಮೆಣಸಿನಕಾಯಿ ಕುಟ್ಟುವಾಗ ಮೂಗಿಗೆ ಏರುತ್ತದಲ್ಲ, ಅದು.

"ಏನ್ ಮ್ಯೂಸಿಕ್ ಇದು?" ಎಂದು ಮೊದಲ ಸಲ ಕೇಳಿದಾಗ ಪೂರ್ವಿ, "ಎಮೋ ಅಂತಾರ ಆಯಿ. ಎಮೋಷನಲ್ ಅಂತ" ಎಂದಳು.

"ಉಳದದ್ದೆಲ್ಲಾ ಎಮೋಷನಲ್ ಅಲ್ಲೇನು?"

"ಇದರಾಗ ಜಾಸ್ತಿ ಇರತೈತಿ."

ಜಾಸ್ತಿಯೇನೋ ಇತ್ತು. ಮೂರು ವರ್ಷದ ಹಿಂದೆ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು 'ಯಾರೂ ಕೇಳಬ್ಯಾಡ್ರಿ'. ಬ್ಯಾಡಗಿಯಲ್ಲಿ ಅಳಿಯಂದಿರ ಖಾಲಿ ಗೋದಾಮಿನಲ್ಲೇ ಕಾರ್ಯಕ್ರಮ. ಒಂಬತ್ತು ಹಾಡು, ಒಂಬತ್ತರಲ್ಲೂ ಎಲ್ಲರೂ ಒಮ್ಮೆಗೇ ಶುರು, ಒಮ್ಮೆಗೇ ಮುಗಿತಾಯ. ಮಧ್ಯದಲ್ಲಿ ಎಲ್ಲೂ ಉಸಿರಿಲ್ಲ. ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲ, ಈ ಊರು ನನ್ನನ್ನು ಉಸಿರುಗಟ್ಟಿಸಿತು, ನಾನು ಒಳಗೊಳಗೇ ಸತ್ತೆ, ಎಲ್ಲವೂ ಹೀಗೆಯೇ. ಗೋದಾಮಿನ ತಗಡು ನಡುಗುತ್ತಿತ್ತು. ನಾನು ಮುಂದಿನ ಸಾಲಿನಲ್ಲಿ ಕಿವಿಗೆ ಅರಳೆ ಇಟ್ಟುಕೊಂಡು ಕೂತಿದ್ದೆ. ಮುಗಿದ ಮೇಲೆ ವಿನಾಯಕ ಬೆವರು ಒರೆಸಿಕೊಳ್ಳುತ್ತ ಬಂದು, "ಟೀಚರ್ರ, ನಮ್ಮ ಹಾಡು ಹೆಂಗ ಅನಸ್ತು?" ಎಂದ.

"ಕಿವ್ಯಾಗಿನ ಅರಳಿ ತಗದ ಮ್ಯಾಲೆ ಹೇಳ್ತೇನಿ ತಡಿ" ಎಂದೆ.

ಅವನು ನಕ್ಕ. ಪೂರ್ವಿ ನಗಲಿಲ್ಲ. ಸುಮಂಗಲಾ ಮಾತ್ರ ಮಗಳ ಬೆನ್ನ ಮೇಲೆ ಕೈ ಇಟ್ಟು, "ಆಕಿ ಟೀಚರ್ ಅದಾಳ, ಪೂರ್ವಿ. ನನಗೂ ಹಿಂಗ ಅಂತಿದ್ಲು. ನೀ ಮನಸಿಗೆ ಹಚ್ಕೋಬ್ಯಾಡ" ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ನನಗೆ ಚುಚ್ಚಿತು. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಹೋದ ವರ್ಷ ಜನವರಿಯಿಂದ ಅವರ ಪ್ರಾಕ್ಟೀಸ್ ರಾಣೆಬೆನ್ನೂರಿನ ನಮ್ಮ ಮನೆಗೆ ಬಂತು. ಸೀಸನ್ ಶುರುವಾದರೆ ಗೋದಾಮು ತುಂಬಾ ಮೆಣಸಿನಕಾಯಿ ಚೀಲ. ಒಳಗೆ ಕಾಲಿಟ್ಟರೆ ಕೆಮ್ಮು, ಹಾಡುವುದು ಎಲ್ಲಿಂದ. ನಮ್ಮ ಪಡಸಾಲೆ ದೊಡ್ಡದು. ರವಿವಾರ ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದರು. ಮೊದಲೆರಡು ವಾರ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಮೂರನೆಯ ವಾರ ತಡೆಯಲಾಗಲಿಲ್ಲ. ಹೊರಗೆ ಬಂದು ವಿನಾಯಕನ ಕೈಯ ಕೋಲು ಹಿಡಿದು ನಿಲ್ಲಿಸಿದೆ.

"ಇಲ್ಲಿ ನಾಲ್ಕ ಬೀಟ್ ಸುಮ್ಮನಿರು. ಯಾರೂ ಏನೂ ಬಾರಸಬ್ಯಾಡ್ರಿ. ಪೂರ್ವಿ, ನೀನೂ ಹಾಡಬ್ಯಾಡ."

"ಸುಮ್ಮನಿದ್ರ ನಾವು ಹಾಡು ಮರತೇವಂತ ಜನ ತಿಳೀತಾರ್ರಿ ಟೀಚರ್ರ" ಎಂದ ವಿನಾಯಕ.

"ತಿಳೀಲಿ. ಆಮ್ಯಾಲೆ ನೀವು ಮರತಿಲ್ಲಂತ ಗೊತ್ತಾಗಲಿ."

ಅವರು ಹಾಗೆ ಮಾಡಿದರು. ನಾಲ್ಕು ಬೀಟಿನ ಮೌನದಲ್ಲಿ ಹೊರಗೆ ಬೀದಿಯಲ್ಲಿ ಸೈಕಲ್ಲಿನ ಬೆಲ್ ಕೇಳಿಸಿತು. ಆಮೇಲೆ ಪೂರ್ವಿಯ ದನಿ ಬಂತು, ಕಿರುಚದೆ, ಕೆಳಗಿನಿಂದ. ಬೇಸ್ ಹುಡುಗ ಮೊದಲ ಸಲ ತಲೆ ಎತ್ತಿ ನನ್ನ ಕಡೆ ನೋಡಿದ. ಅಂದಿನಿಂದ ಬ್ಯಾಂಡಿನ ಸೌಂಡ್ ಬದಲಾಗುತ್ತಾ ಹೋಯಿತು. ಗಿಟಾರಿನ ಗರಗರ ಕಡಿಮೆಯಾಯಿತು, ಒಂದೊಂದು ತಂತಿ ಬಿಡಿಬಿಡಿಯಾಗಿ ಕೇಳತೊಡಗಿತು. ವಿನಾಯಕ ಕೋಲು ಬಿಟ್ಟು ಬ್ರಶ್ ಹಿಡಿದ. ಪೂರ್ವಿ ಕಿರುಚುವುದನ್ನು ಪೂರ್ತಿ ಬಿಡಲಿಲ್ಲ, ಆದರೆ ಒಂದು ಹಾಡಿಗೆ ಒಂದೇ ಸಲ, ಅದೂ ಬೇಕಾದ ಕಡೆ. ಇದನ್ನು ಮಾಡಿಸಿದವಳು ನಾನು ಎಂದು ಒಳಗೊಳಗೇ ಬೀಗಿದೆ. ಸುಳ್ಳು ಯಾಕೆ ಹೇಳಲಿ.

ಆದರೆ ಮಾತುಗಳು ಹಳೆಯವೇ. ಯಾರೂ ತಿಳಿದುಕೊಳ್ಳಲಿಲ್ಲ, ಒಳಗೊಳಗೇ ಸತ್ತೆ. ಸೌಂಡ್ ಬೆಳೆದಿತ್ತು, ಹುಡುಗಿ ಬೆಳೆದಿರಲಿಲ್ಲ.

ಮಾರ್ಚ್ ತಿಂಗಳಿನಲ್ಲಿ ನಾನು ನಾಲ್ಕು ದಿನ ಬ್ಯಾಡಗಿಯಲ್ಲಿದ್ದೆ. ನಮ್ಮ ಕಡೆ ಮನೆಗಳಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ತೆಗೆದಿಡುವ ಹೊತ್ತು ಅದು. ಮಾಳಿಗೆಯ ಮೇಲೆ ಒಣಗಿಸಿ, ಗುಂಪಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಆಮೇಲೆ ಕುಟ್ಟಿಸುವುದು. ನನಗೆ ಆ ಕೆಲಸ ಅಭ್ಯಾಸವಿಲ್ಲ. ಮಗಳ ಮದುವೆಯಾದ ವರ್ಷದಿಂದ ನನ್ನ ಪಾಲಿನ ಮೆಣಸಿನಕಾಯಿಯನ್ನು ಅವಳೇ ತೊಟ್ಟು ಬಿಡಿಸಿ, ಬಿಳೀ ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದಳು. ಒಂದು ವರ್ಷವೂ ತಪ್ಪಿಸಿಲ್ಲ. ಅವತ್ತು ಸುಮಂಗಲಾ ಕುಪ್ಪೇಲೂರಿಗೆ ಯಾರದೋ ಬಸುರಿ ಹೆಣ್ಣಿನ ಕುಬಸಕ್ಕೆ ಹೋಗಿದ್ದಳು. ಮಾಳಿಗೆಯ ಮೇಲೆ ನಾನು, ಪೂರ್ವಿ, ನಡುವೆ ಕೆಂಪು ರಾಶಿ. ಸುಮ್ಮನೆ ಕೂರುವುದೇಕೆ ಎಂದು ನಾನೂ ಕೈ ಹಚ್ಚಿದೆ.

ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದರೆ ಚಟ್ ಎನ್ನುತ್ತದೆ. ಕಾಯಿ ಪಕ್ಕಕ್ಕೆ ಬಿದ್ದಾಗ ಒಳಗಿನ ಬೀಜ ಸರ್ ಎನ್ನುತ್ತದೆ. ಇಬ್ಬರ ಕೈ ಒಂದೇ ವೇಗಕ್ಕೆ ಬಂದಾಗ ಅದೊಂದು ತಾಳವೇ ಆಯಿತು. ಪೂರ್ವಿ ತಲೆ ಎತ್ತಿದಳು.

"ಆಯಿ, ಇದು ಭಾರಿ ಐತಿ. ರೆಕಾರ್ಡ್ ಮಾಡ್ಕೊಳ್ಳೇನು?"

"ಮಾಡ್ಕೊ, ಮಾಡ್ಕೊ. ಯಾರ ಬ್ಯಾಡಂತಾರ" ಎಂದೆ.

ಕೇಳುವಾಗಲೇ ರೆಕಾರ್ಡಿಂಗ್ ಶುರು ಮಾಡಿದ್ದ ಫೋನನ್ನು ಅವಳು ಒಂದು ಬುಟ್ಟಿಯ ಮೇಲೆ ನಿಲ್ಲಿಸಿ ಮತ್ತೆ ಕೂತಳು. ಹತ್ತು ನಿಮಿಷದಲ್ಲಿ ನಾನು ಆ ಫೋನನ್ನೇ ಮರೆತೆ. ಕೈಗೆ ಒಂದು ಕೆಲಸ ಸಿಕ್ಕರೆ ಬಾಯಿ ತನ್ನಷ್ಟಕ್ಕೆ ತಾನು ನಡೆಯುತ್ತದೆ. ನಾನು ಅವಳ ಹಾಡಿನ ಮಾತಿಗೆ ಬಂದೆ.

"ಒಳಗೊಳಗ ಸತ್ತೆ ಅಂತೀಯಲ್ಲ, ನಿನಗೇನಾಗೇತಿ? ಕಾಲೇಜ್ ಓದಿದಿ, ಗಿಟಾರ್ ಕೊಡಸಿದ್ರು, ಯಾರ ನಿನ್ನ ತಡದಾರ?"

"ಏನೂ ಆಗಿಲ್ಲ. ಅದ ಕಷ್ಟ" ಎಂದಳು. ನಗೆಚಾಟಿಕೆಯಲ್ಲ, ನಿಜವಾಗಿಯೇ ಹೇಳಿದಳು.

"ಹಂಗಾರ ಯಾರಿಗೆ ಆಗೇತೋ ಅವರದ್ದು ಹಾಡು. ಖರೇ ಆಗಿದ್ದು ಹಾಡು. ಗ್ರೋ ಅಪ್, ಪೂರ್ವಿ."

"ಯಾರಿಗೆ ಆಗೇತಿ, ಹೇಳು."

ಇಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಟೀಚರ್ ಆದವಳಿಗೆ ಎಕ್ಸಾಂಪಲ್ ಕೇಳಿದರೆ ಕೊಡದೆ ಇರಲಾಗುವುದಿಲ್ಲ. ನಾನು ಅವಳ ತಾಯಿಯ ಕತೆ ಹೇಳಿದೆ. ಮೂವತ್ತು ವರ್ಷಕ್ಕೂ ಮೇಲಾಗಿ ಯಾರಿಗೂ ಹೇಳದ್ದನ್ನು.

ಸುಮಂಗಲಾ ಹಾಡುತ್ತಿದ್ದಳು. ಚೆನ್ನಾಗಿ ಅಲ್ಲ, ಬಹಳ ಚೆನ್ನಾಗಿ. ಭಾವಗೀತೆ ಹೇಳಿದರೆ ಓಣಿಯ ಹೆಂಗಸರು ನೀರಿನ ಕೊಡ ಕೆಳಗಿಟ್ಟು ನಿಲ್ಲುತ್ತಿದ್ದರು. ಇಪ್ಪತ್ತನೆಯ ವರ್ಷಕ್ಕೆ ಧಾರವಾಡದ ರೇಡಿಯೋಕ್ಕೆ ಧ್ವನಿ ಪರೀಕ್ಷೆ ಕೊಟ್ಟು ಬಂದಳು. ತಿಂಗಳೊಪ್ಪತ್ತಿಗೆ ಪತ್ರ ಬಂತು. ಅವಳು ಕಾಲೇಜಿಗೆ ಹೋಗಿದ್ದಳು, ಪೋಸ್ಟಮನ್ ನನ್ನ ಕೈಗೆ ಕೊಟ್ಟ. ಮೊದಲ ಸುತ್ತಿನಲ್ಲಿ ಪಾಸಾಗಿದ್ದಾಳೆ, ಎರಡನೆಯ ಸುತ್ತಿಗೆ ಬರಬೇಕು ಎಂದಿತ್ತು. ಬರಬೇಕಾದ ದಿನವೇ ಬ್ಯಾಡಗಿಯವರು ಹುಡುಗಿ ನೋಡಲು ಬರುವುದೆಂದು ಗೊತ್ತಾಗಿತ್ತು. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷ. ಒಳ್ಳೆಯ ಮನೆತನ. ದಿನ ಮುಂದೆ ಹಾಕಿ ಎಂದರೆ ಯಾಕೆ ಎನ್ನುತ್ತಾರೆ, ರೇಡಿಯೋದಲ್ಲಿ ಹಾಡುವ ಹುಡುಗಿ ಎಂದರೆ ಏನೆನ್ನುತ್ತಾರೋ. ಅವರು ಯಾರೂ ಅಂಥ ಮಾತು ಆಡಿರಲಿಲ್ಲ. ಎಲ್ಲ ನಾನೇ ಊಹೆ ಮಾಡಿಕೊಂಡೆ. ಪತ್ರವನ್ನು ನನ್ನ ಕಾನ್ವೆಂಟಿನ ಪ್ರಾರ್ಥನೆ ಹಾಡುಗಳ ಪುಸ್ತಕ, ಹಿಮ್ ಬುಕ್ಕಿನೊಳಗೆ ಇಟ್ಟೆ. ಅದನ್ನು ನಮ್ಮ ಮನೆಯಲ್ಲಿ ನಾನು ಬಿಟ್ಟು ಯಾರೂ ತೆರೆಯುತ್ತಿರಲಿಲ್ಲ.

ಅವಳು ಎರಡು ತಿಂಗಳು ಗೇಟಿನ ಹತ್ತಿರ ನಿಂತು ಪೋಸ್ಟಮನ್ ದಾರಿ ನೋಡಿದಳು. ನನ್ನನ್ನು ಒಮ್ಮೆ ಮಾತ್ರ ಕೇಳಿದಳು. "ಇಲ್ಲವ್ವಾ, ಬಂದಿಲ್ಲ" ಎಂದೆ. ಆಮೇಲೆ ನಿಲ್ಲುವುದನ್ನು ಬಿಟ್ಟಳು, ಹಾಡುವುದನ್ನೂ ಬಿಟ್ಟಳು. ಮದುವೆಯಾದ ಹೊಸದರಲ್ಲಿ ಅವಳ ಅತ್ತೆ, "ಹಾಡ್ತೀಯಂತ ಕೇಳೇವಿ, ಒಂದು ಹಾಡವಾ" ಎಂದು ಎಲ್ಲರೆದುರು ಪ್ರೀತಿಯಿಂದ ಕೇಳಿದರು. "ನನಗ ಬರೂದಿಲ್ರಿ ಅತ್ತಿ, ಪರೀಕ್ಷಾದಾಗ ಫೇಲ್ ಆಗೇನಿ" ಎಂದಳು. ನಾನು ಅಲ್ಲಿಯೇ ಕೂತಿದ್ದೆ. ಪೂರ್ವಿ ಹುಟ್ಟಿದಾಗ ಜೋಗುಳವನ್ನೂ ಅವಳು ಹೇಳಲಿಲ್ಲ. ಅತ್ತೆ ಹೇಳುತ್ತಿದ್ದರು.

ಇಷ್ಟನ್ನೂ ಮಾಳಿಗೆಯ ಮೇಲೆ ಹೇಳಿದೆ. ಮೆಣಸಿನಕಾಯಿಯ ಮುಂದೆ ಕೂತವರ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ, ಅದೂ ಒಂದು ಅನುಕೂಲ. ಪೂರ್ವಿಯ ಕೈ ನಿಂತಿರಲಿಲ್ಲ.

"ಮಮ್ಮಿಗೆ ಗೊತ್ತೈತಿ?"

"ಆಕಿಗೆ ಗೊತ್ತಿಲ್ಲ. ಹೇಳಬ್ಯಾಡ."

"ಇಲ್ಲ ಬಿಡು" ಎಂದಳು.

ಎಂಟು ತಿಂಗಳು ಅವಳು ಹೇಳಲಿಲ್ಲ. ಆ ಮಾತನ್ನು ಉಳಿಸಿಕೊಂಡಳು ಎಂದೇ ನಾನು ನಂಬಿದ್ದೆ. ರೆಕಾರ್ಡಿಂಗ್ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ನಡೆಯಿತು. ನಾನು ಹೋಗಲಿಲ್ಲ. "ಸರ್‌ಪ್ರೈಸ್ ಇರಲಿ ಆಯಿ" ಎಂದಿದ್ದಳು.

ಹಾವೇರಿಯ ಹಾಲ್ ಚೆನ್ನಾಗಿ ತುಂಬಿತ್ತು. ಗುತ್ತಲದಿಂದ, ರಾಣೆಬೆನ್ನೂರಿನಿಂದ ಹುಡುಗ ಹುಡುಗಿಯರು ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ಸುಮಂಗಲಾ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಗಳ ಮದುವೆಗೆ ಬಂದವಳಂತೆ ಕೂತಿದ್ದಳು. "ಅವ್ವ, ಈ ಸಲ ಅರಳಿ ತಂದಿಲ್ಲೇನ?" ಎಂದು ನನ್ನ ಕಿವಿ ಕಡೆ ನೋಡಿ ನಕ್ಕಳು. ನನ್ನ ಜೊತೆ ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಮೊದಲ ನಾಲ್ಕು ಹಾಡು ಕೇಳಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಈ ಮಕ್ಕಳು ಗೋದಾಮಿನ ತಗಡು ನಡುಗಿಸಿದವರೇ ಎನ್ನಿಸಿತು. ಜಾಗ ಇತ್ತು, ಗಾಳಿ ಇತ್ತು. ಒಂದು ವಾದ್ಯ ಇನ್ನೊಂದಕ್ಕೆ ಕಾಯುತ್ತಿತ್ತು. ಹಿಂದೆ ಕೂತ ಯಾರೋ ಕಾಲೇಜಿನ ಮೇಷ್ಟರು, "ಭಾಳ ಮೆಚ್ಯೂರ್ ಆಗ್ಯಾರ್ರಿ" ಎಂದು ಪಕ್ಕದವರಿಗೆ ಹೇಳಿದರು. ಸುಮಂಗಲಾ ಅದನ್ನು ಕೇಳಿ ನನ್ನ ಮೊಣಕೈ ಒತ್ತಿದಳು.

ಐದನೆಯ ಹಾಡು. ಸ್ಪೀಕರಿನಿಂದ ಚಟ್ ಎಂದಿತು. ಸರ್ ಎಂದಿತು. ಮತ್ತೆ ಚಟ್. ಬ್ಯಾಡಗಿಯ ಹೆಂಗಸಿಗೆ ಆ ಸದ್ದು ಯಾರೂ ಹೇಳಿಕೊಡಬೇಕಿಲ್ಲ. "ಅಯ್ಯ, ತೊಟ್ಟು ಬಿಡಸೂ ಸಪ್ಪಳ ಅವ್ವ" ಎಂದು ಅವಳ ಮುಖ ಅರಳಿತು. ಅದರ ಮೇಲೆ ಗಿಟಾರಿನ ಎರಡು ತಂತಿ, ವಿನಾಯಕನ ಬ್ರಶ್. ಪೂರ್ವಿ ಬಹಳ ಸಣ್ಣ ದನಿಯಲ್ಲಿ ಶುರು ಮಾಡಿದಳು. ಗೇಟಿಗೆ ಒರಗಿ ನಿಂತ ಹುಡುಗಿ, ಬಾರದ ಪತ್ರ, ಓಣಿ ದಾಟಿ ಹೋಗುವ ಖಾಕಿ ಚೀಲ. ಸುಮಂಗಲಾಳ ಮುಖ ಇನ್ನೂ ಅರಳಿಯೇ ಇತ್ತು, ಆದರೆ ಒಳಗೆ ಏನೋ ಲೆಕ್ಕ ಹಾಕುತ್ತಿರುವವಳಂತೆ ಹುಬ್ಬು ಗಂಟಾಯಿತು. ಆಗ ತೊಟ್ಟಿನ ಸದ್ದಿನ ನಡುವೆ ನನ್ನ ದನಿ ಬಂತು.

ನನ್ನದೇ ದನಿ, ಮಾಳಿಗೆಯ ಗಾಳಿ ಸಮೇತ. "ಪತ್ರ ಬಂದಿತ್ತು. ನಾನ ಮುಚ್ಚಿಟ್ಟೆ." ಸ್ವಲ್ಪ ಹೊತ್ತು ಚಟ್, ಚಟ್. ಆಮೇಲೆ, "ಆಕಿಗೆ ಗೊತ್ತಿಲ್ಲ."

ಎಲ್ಲ ವಾದ್ಯ ನಿಂತವು. ತೊಟ್ಟಿನ ಸದ್ದೂ ನಿಂತಿತು. ನಾಲ್ಕು ಬೀಟ್. ನಾನೇ ಕಲಿಸಿದ್ದು.

ಆ ನಾಲ್ಕು ಬೀಟಿನ ಒಳಗೆ ಮಗಳ ಕಬ್ಬಿಣದ ಕುರ್ಚಿ ನೆಲಕ್ಕೆ ಕೆರೆಯಿತು. ಇಡೀ ಹಾಲ್‌ಗೆ ಕೇಳಿಸಿತು. ಕೆಲವರು ಅದೂ ಹಾಡಿನದೇ ಭಾಗ ಎಂದು ತಿಳಿದರಂತೆ. ಪೂರ್ವಿ ಸ್ಟೇಜಿನಿಂದ ನೋಡಿದಳು, ತಾಯಿಯ ಬೆನ್ನು ಕಂಡಳು, ಮುಂದಿನ ಸಾಲು ಸರಿಯಾದ ಜಾಗಕ್ಕೇ ಎತ್ತಿಕೊಂಡಳು. ಒಂದು ಬೀಟ್ ತಪ್ಪಲಿಲ್ಲ. ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನದೇ ಕೊನೆಯ ಹಾಡು, ಅದು ಶುರುವಾದ ಮೇಲೆ ನಾನು ಗೋಡೆ ಹಿಡಿದುಕೊಂಡು ಹೊರಗೆ ಹೋದೆ.

ಅವಳು ಕಾರಿನ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಮುಡಿದ ಮಲ್ಲಿಗೆ ತೆಗೆದು ಕಾರಿನ ಬಾನೆಟ್ ಮೇಲೆ ಇಟ್ಟಿದ್ದಳು.

"ಹರದು ಒಗದೀಯೋ, ಇಟ್ಟೀಯೋ?"

"ಇಟ್ಟೇನಿ."

"ಎಲ್ಲಿ?"

"ಹಿಮ್ ಬುಕ್ಕಿನ್ಯಾಗ."

"ಅದು ನನ್ನ ಹಾಸಿಗಿ ಮ್ಯಾಲಿನ ಮಾಡದಾಗ ಇರ್ತಿತ್ತು" ಎಂದಳು. ಇದ್ದದ್ದು ಅಲ್ಲಿಯೇ, ಗೋಡೆಯ ಆ ಗೂಡಿನಲ್ಲೇ.

"ಫೇಲ್ ಆಗೇನಿ ಅಂತ ನಮ್ಮ ಅತ್ತಿ ಮುಂದ ಹೇಳಿದ್ದೆ ನಾ. ನೀ ಅಲ್ಲೇ ಚಹಾ ಕುಡೀತಿದ್ದಿ."

"ಹೌದವಾ."

"ಹೇಳೂದು ಹೇಳಿದಿ, ಆಕಿಗೆ ಹೇಳಿದಿ. ನನಗ ಹೇಳಲಿಲ್ಲ."

ಅಷ್ಟರಲ್ಲಿ ಕಾರ್ಯಕ್ರಮ ಮುಗಿದು ಪೂರ್ವಿ ಓಡಿ ಬಂದಳು. ಕೊರಳಲ್ಲಿ ಯಾರೋ ಹಾಕಿದ ಹಾರ ಇನ್ನೂ ಇತ್ತು. "ಮಮ್ಮಿ, ನಿನಗ ಗೊತ್ತಾಗಬೇಕಿತ್ತು. ನಿನ್ನ ಸಲುವಾಗಿ ಮಾಡಿದ್ದು ಈ ಹಾಡು" ಎಂದಳು. ಅವಳ ಕಣ್ಣು ತುಂಬಿತ್ತು. ತಾಯಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದೇ ಅವಳು ತಿಳಿದಿದ್ದಳು ಎಂದು ನನಗನಿಸುತ್ತದೆ. ಸಿನಿಮಾದಲ್ಲಿ ಹಾಗಾಗುತ್ತದೆ.

ಸುಮಂಗಲಾ ಮಗಳ ಕೊರಳ ಹಾರ ಸರಿ ಮಾಡಿದಳು. "ತೊಟ್ಟು ಬಿಡಸೂವಾಗ, ಮಾರ್ಚ್‌ನಾಗ ಗೊತ್ತಾಗೇತಿ ನಿನಗ. ಎಂಟ ತಿಂಗಳು ನಾ ಬಡಿಸಿದ್ದ ಉಂಡಿ, ಬಾಯಿ ಬಿಡಲಿಲ್ಲ. ಮೈಕ್ ಸಿಕ್ಕ ಮ್ಯಾಲೆ ಹೇಳಿದಿ" ಎಂದಳು. ಕಾರಿನ ಬಾಗಿಲು ತೆಗೆದು ಕೂತಳು. ಮಲ್ಲಿಗೆ ಬಾನೆಟ್ ಮೇಲೆಯೇ ಉಳಿದಿತ್ತು. ಕಾರು ತಿರುಗಿದಾಗ ಬಿದ್ದಿತು.

ಮರುದಿನ ನಾನು ಬೆಳಗಿನ ಬಸ್ಸು ಹಿಡಿದು ಪತ್ರ ತೆಗೆದುಕೊಂಡು ಬ್ಯಾಡಗಿಗೆ ಹೋದೆ. ಕಾಗದ ಹಳದಿಯಾಗಿ, ಮಡಿಕೆಯ ಕಡೆ ಹರಿಯುವ ಹಾಗಾಗಿತ್ತು. ಮಗಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈ ತೊಳೆದುಕೊಂಡು ಬಂದು, ನಿಂತೇ ಓದಿದಳು. ಎರಡು ಸಲ ಓದಿದಳು. ಮಡಚಿ, ಗೋಡೆಯ ಮಾಡದಲ್ಲಿದ್ದ ಡಬ್ಬಿಯ ಕೆಳಗೆ ಇಟ್ಟಳು.

"ಕುಂದ್ರಿ. ಚಹಾ ಮಾಡ್ತೇನಿ, ಕುಡದು ಹೋಗ್ರಿ. ಹನ್ನೊಂದೂವರಿ ಬಸ್ಸು ಸಿಗತೈತಿ" ಎಂದಳು.

ಹುಟ್ಟಿದಾಗಿನಿಂದ ನನ್ನನ್ನು ನೀ ಎಂದವಳು. ಕುಂದ್ರಿ, ಕುಡದು ಹೋಗ್ರಿ ಎಂದು ಅವಳು ಹೊರಗಿನವರಿಗೆ ಹೇಳುವುದನ್ನು ನೂರು ಸಲ ಕೇಳಿದ್ದೆ. ಬೈದಿದ್ದರೆ ಕೂತು ಕೇಳುತ್ತಿದ್ದೆ. ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು. ಹನ್ನೊಂದೂವರೆ ಬಸ್ಸು ಸಿಕ್ಕಿತು.

ಪೂರ್ವಿಯನ್ನು ಆಮೇಲೆ ಒಮ್ಮೆ ಕರೆದು ಕೇಳಿದೆ. ಹಾಡು ಇರಲಿ, ಕನಿಷ್ಠ ನನ್ನ ದನಿ ತೆಗೆದುಬಿಡು ಎಂದೆ. ಅವಳು ಫೋನ್ ತೆಗೆದು ರೆಕಾರ್ಡಿಂಗ್ ಮೊದಲಿನಿಂದ ಹಚ್ಚಿದಳು. "ಮಾಡ್ಕೊ, ಮಾಡ್ಕೊ. ಯಾರ ಬ್ಯಾಡಂತಾರ." ನಾನೇ, ನಗುತ್ತ.

"ಅದು ತೊಟ್ಟಿನ ಸಪ್ಪಳಕ್ಕ ಅಂದಿದ್ದೆ" ಎಂದೆ.

"ಖರೇ ಆಗಿದ್ದು ಹಾಡು ಅಂದಾಕಿ ನೀ ಆಯಿ. ಅದನ್ನ ತಗದ್ರ ಹಾಡಿನ್ಯಾಗ ಏನೈತಿ?"

ಅವಳ ಮಾತು ಸಂಗೀತದ ಮಟ್ಟಿಗೆ ಸರಿ. ಆ ದನಿ ತೆಗೆದರೆ ಹಾಡು ಕುಸಿದು ಬೀಳುತ್ತದೆ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. "ನಿಮ್ಮವ್ವನ ಜೋಡಿ ಮಾತಾಡಿದೇನು?" ಎಂದೆ. ಮಾತಾಡುತ್ತಾಳಂತೆ, ಊಟಕ್ಕೆ ಕರೆಯುತ್ತಾಳಂತೆ, ಹಾಡಿನ ಸುದ್ದಿ ಮಾತ್ರ ಎತ್ತುವುದಿಲ್ಲವಂತೆ. ಹೇಳುವಾಗ ಪೂರ್ವಿಯ ದನಿ ಸಣ್ಣದಾಯಿತು. ಆ ಸಣ್ಣ ದನಿಯನ್ನು ಅವಳು ಯಾವುದಾದರೂ ಹಾಡಿಗೆ ಇಟ್ಟುಕೊಳ್ಳುತ್ತಾಳೇನೋ ಎಂಬ ವಿಚಾರ ನನ್ನ ತಲೆಗೆ ಬಂತು. ಮೊಮ್ಮಗಳ ಬಗ್ಗೆ ಹಾಗೆ ಯೋಚಿಸುವಂತಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಈಗ ಆ ಆಲ್ಬಮ್ಮಿನ ಬಗ್ಗೆ ಫೋನಿನಲ್ಲಿ ಏನೇನೋ ಬರೆಯುತ್ತಾರೆ. ಮೆಚ್ಯೂರ್ ಆಗಿದೆ, ಬ್ಯಾಂಡ್ ಬೆಳೆದಿದೆ, ಆ ಅಜ್ಜಿಯ ದನಿ ಕೇಳಿದರೆ ಮೈ ಜುಂ ಎನ್ನುತ್ತದೆ. ವಿನಾಯಕ ಒಂದೊಂದನ್ನೂ ನನಗೆ ಫಾರ್ವರ್ಡ್ ಮಾಡುತ್ತಾನೆ. ಪಾಪ, ಒಳ್ಳೆಯ ಮನಸ್ಸಿನಿಂದ. ಓದಿ ಡಿಲೀಟ್ ಮಾಡುತ್ತೇನೆ. ಬೆಳೆದದ್ದು ಸೌಂಡ್. ಇಪ್ಪತ್ತಮೂರರ ಹುಡುಗಿಗೆ ಮೌನ ಎಣಿಸಲು ಕಲಿಸಿದೆ, ಎಲ್ಲಿ ಸುಮ್ಮನಿರಬೇಕು ಎಂದು ಕಲಿಸಲಿಲ್ಲ. ಕಲಿಸಲು ನನಗೇ ಅದು ಬರುತ್ತಿರಲಿಲ್ಲ. ಮಾತಾಡಬೇಕಾದ ಕಡೆ ಮೂವತ್ತು ವರ್ಷ ಬಾಯಿ ಮುಚ್ಚಿ, ಮುಚ್ಚಬೇಕಾದ ಕಡೆ ತೆರೆದವಳು ನಾನು.

ಈ ವರ್ಷವೂ ಮಾರ್ಚ್ ಬಂತು. ಮೆಣಸಿನಕಾಯಿ ಬರುವುದಿಲ್ಲ ಎಂದುಕೊಂಡಿದ್ದೆ. ಅಂಗಡಿ ಕೆಲಸಕ್ಕೆ ರಾಣೆಬೆನ್ನೂರಿಗೆ ಬಂದ ಅಳಿಯಂದಿರು ಒಂದು ಚೀಲ ಇಳಿಸಿದರು. ಬಿಳೀ ಬಟ್ಟೆಯ ಗಂಟಲ್ಲ, ಗೋಣಿಚೀಲ. ಬಾಯಿ ಬಿಚ್ಚಿ ನೋಡಿದೆ. ಒಳ್ಳೆಯ ಕಾಯಿ, ಸುಕ್ಕು ಸುಕ್ಕಾಗಿ, ಕಡುಗೆಂಪು. ಎಲ್ಲಕ್ಕೂ ತೊಟ್ಟು ಹಾಗೆಯೇ ಇತ್ತು.

"ಈ ಸಲ ಬಿಡಸಾಕ ಆಕಿಗೆ ಪುರಸೊತ್ತ ಸಿಗಲಿಲ್ಲಂತ್ರಿ" ಎಂದರು ಅಳಿಯಂದಿರು, ನೆಲ ನೋಡುತ್ತ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ.

"ಇರಲಿ ಬಿಡ್ರಿ. ನಾ ಬಿಡಸ್ತೇನಿ" ಎಂದೆ.

ಬ್ಯಾಂಡಿನವರು ಪ್ರಾಕ್ಟೀಸ್ ಮಾಡುತ್ತಿದ್ದ ಅದೇ ಪಡಸಾಲೆಯಲ್ಲಿ ಚಾಪೆ ಹಾಸಿ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಿಸುತ್ತಿದ್ದೇನೆ. ಅರ್ಧ ಗಂಟೆಗೆ ಉಗುರಿನ ಸಂದಿ ಉರಿಯುತ್ತದೆ. ಒಮ್ಮೆ ಕೈ ತಪ್ಪಿ ಕಣ್ಣಿಗೆ ಹೋದರೆ ಮಧ್ಯಾಹ್ನ ಪೂರ್ತಿ ಹೋಯಿತು. ಸದ್ದು ಹಾಡಿನಲ್ಲಿರುವಂತೆಯೇ ಇದೆ, ಚಟ್, ಸರ್. ಒಬ್ಬಳದೇ ಕೈ ಆದ್ದರಿಂದ ತಾಳ ಕೂಡುವುದಿಲ್ಲ. ಮದುವೆಯಾದಾಗಿನಿಂದ ಪ್ರತಿ ವರ್ಷ ನನ್ನ ಪಾಲಿನ ಇಷ್ಟು ದೊಡ್ಡ ರಾಶಿಯನ್ನು ಸುಮಂಗಲಾ ಬಿಡಿಸಿದ್ದಾಳೆ. ಆ ಹೊತ್ತಿನಲ್ಲಿ ಅವಳು ಒಳಗೊಳಗೆ ಏನಾದರೂ ಗುನುಗುತ್ತಿದ್ದಳೋ, ಅದೂ ಇರಲಿಲ್ಲವೋ ನನಗೆ ಗೊತ್ತಿಲ್ಲ. ಅವಳ ಜೊತೆ ನಾನು ಒಂದು ವರ್ಷವೂ ಆ ರಾಶಿಯ ಮುಂದೆ ಕೂತವಳಲ್ಲ.